ಮಗು ಮತ್ತು ಆಟಿಕೆ: ನಮ್ಮ ಮಲೆನಾಡಿನ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ಹತ್ತಿರದ ಒಂದು ಊರಿನ ಶಿಶುವಿಹಾರದಲ್ಲಿ ಹದಿನಾಲ್ಕು ವರ್ಷದಿಂದ ಚಿಕ್ಕ ಮಕ್ಕಳ ಜೊತೆ ಇದ್ದೇನೆ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದವರು ಚಪ್ಪಲಿ ಮೆಟ್ಟುತ್ತಾ "ಅಕ್ಕೋರೇ, ಒಂದು ಮಾತು" ಅಂತ ಕೇಳುವ ಪ್ರಶ್ನೆಗಳಿವು. ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಕೂತು ಬರೆದೆ.

ಗಾಂಧಿ ಬಜಾರಿನಿಂದ ಅಷ್ಟು ದುಡ್ಡು ಕೊಟ್ಟು ಆಟಿಕೆ ತಂದರೆ, ಮಗು ಅದು ಬಂದ ಡಬ್ಬದ ಜೊತೆ ಆಡುತ್ತದೆ. ಆಟಿಕೆ ಇಷ್ಟ ಆಗಲಿಲ್ಲವಾ?

ಡಬ್ಬದಲ್ಲಿ ಮಾಡಲಿಕ್ಕೆ ಕೆಲಸ ಜಾಸ್ತಿ ಇದೆ, ಅಷ್ಟೇ. ತೆಗೆಯಬಹುದು, ಮುಚ್ಚಬಹುದು, ಒಳಗೆ ಏನಾದರೂ ತುಂಬಬಹುದು, ತಲೆ ಮೇಲೆ ಹಾಕಿಕೊಳ್ಳಬಹುದು, ಬಡಿದರೆ ಸದ್ದು ಬರುತ್ತದೆ. ಗುಂಡಿ ಒತ್ತಿದರೆ ಒಂದೇ ಹಾಡು ಹೇಳುವ ಆಟಿಕೆಯಲ್ಲಿ, ಗುಂಡಿ ಒತ್ತುವುದು ಬಿಟ್ಟು ಮಗು ಇನ್ನೇನು ಮಾಡಬೇಕು ಹೇಳಿ?

ನನ್ನ ತಂಗಿ ಮಗಳು ಹನ್ನೊಂದು ತಿಂಗಳಿದ್ದಾಗ ಒಂದು ದಿನ ಅಡುಗೆಮನೆ ಹೊಸ್ತಿಲ ಹತ್ತಿರ ಕೂತಿದ್ದಳು. ಮುಂದೆ ಒಂದು ಸ್ಟೀಲ್ ಡಬ್ಬ, ಪಕ್ಕದಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಒಂದೊಂದೇ ಕ್ಲಿಪ್ಪನ್ನು ಡಬ್ಬಕ್ಕೆ ಹಾಕುತ್ತಿದ್ದಳು. ಹಾಕಿದ ಮೇಲೆ ಪ್ರತಿ ಸಲ ಬಗ್ಗಿ ಒಳಗೆ ನೋಡುತ್ತಿದ್ದಳು. ಎಲ್ಲಾ ಹಾಕಿ ಮುಗಿದ ಮೇಲೆ ಡಬ್ಬ ಕವುಚಿ ಹಾಕಿ ಮತ್ತೆ ಮೊದಲಿನಿಂದ ಶುರು. ಅನ್ನ ಬೆಂದು ಗಂಜಿ ಬಸಿಯುವ ತನಕ ಇದೇ ನಡೆಯಿತು. ಹಾಗೆ ಬಗ್ಗಿ ನೋಡುವುದು ಸಣ್ಣ ಸಂಗತಿಯಲ್ಲ. ಕಣ್ಣಿಗೆ ಕಾಣದಿದ್ದರೂ ವಸ್ತು ಅಲ್ಲೇ ಇರುತ್ತದೆ ಎಂಬುದನ್ನು ಅವಳು ಪರೀಕ್ಷೆ ಮಾಡುತ್ತಿದ್ದಳು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಮೂರು ಮಕ್ಕಳನ್ನೇ ಹತ್ತಿರದಿಂದ ಗಮನಿಸಿ, ಈ ತಿಳಿವಳಿಕೆ ಎಂಟು-ಒಂಬತ್ತು ತಿಂಗಳ ಸುಮಾರಿಗೆ ಕಾಣಿಸಿಕೊಳ್ಳುತ್ತದೆ ಎಂದು ಬರೆದರು. ಅದರ ಬೇರು ಇನ್ನೂ ಮುಂಚೆಯೇ ಇರುತ್ತದೆ ಎಂದು ಆಮೇಲೆ ಬಂದ ಸಂಶೋಧಕರು ತೋರಿಸಿದ್ದಾರೆ.

ಹಾಗಾಗಿ ಆಟಿಕೆ ಯಾವುದು ಅನ್ನುವುದಕ್ಕಿಂತ, ಮಗು ಅದರ ಜೊತೆ ಏನು ಮಾಡುತ್ತಿದೆ ಎಂದು ನೋಡಿ. ಕೆಳಗಿನ ಉತ್ತರಗಳಲ್ಲೆಲ್ಲ ನಾನು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತೇನೆ.

ಯಾವ ವಯಸ್ಸಿಗೆ ಯಾವ ಆಟಿಕೆ ಕೊಡಬೇಕು? ಒಂದು ಪಟ್ಟಿ ಕೊಡಿ.

ಪಟ್ಟಿ ಕೊಡಲು ನನಗೆ ಮನಸ್ಸಿಲ್ಲ. ಪಟ್ಟಿ ನೋಡಿ ಅಪ್ಪ-ಅಮ್ಮಂದಿರು "ನಮ್ಮದು ಇನ್ನೂ ಇದನ್ನು ಮಾಡ್ತಿಲ್ಲ" ಅಂತ ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಮಕ್ಕಳ ಕೈ ಮತ್ತು ತಲೆ ಯಾವ ದಾರಿಯಲ್ಲಿ ಸಾಗುತ್ತವೆ ಎಂದು ಹೇಳುತ್ತೇನೆ, ಕೊಡುವುದನ್ನು ನೀವೇ ಆರಿಸಿಕೊಳ್ಳಿ.

ಮೊದಲ ಕೆಲವು ತಿಂಗಳು ನೋಡುವುದು, ಕೇಳುವುದೇ ಆಟ. ನಿಮ್ಮ ಮುಖಕ್ಕಿಂತ ದೊಡ್ಡ ಆಟಿಕೆ ಆಗ ಬೇರೆ ಇಲ್ಲ. ಆರು ತಿಂಗಳ ಹೊತ್ತಿಗೆ ಗಿಲಕಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತದೆ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಬಾಯಿ ಆ ವಯಸ್ಸಿನ ಮಗುವಿಗೆ ಮೂರನೇ ಕೈ. ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಸಣ್ಣ ಚೂರು ಹೆಕ್ಕುವುದು ಬರುತ್ತದೆ. ಚಾಪೆ ಮೇಲೆ ಬಿದ್ದ ಅವಲಕ್ಕಿ ಹೆಕ್ಕುವುದನ್ನು ನೋಡಿರುತ್ತೀರಿ. ಅದೇ ಬೆರಳುಗಳು ಮುಂದೆ ಪೆನ್ಸಿಲ್ ಹಿಡಿಯುತ್ತವೆ.

ಒಂದು ವರ್ಷ ದಾಟಿದ ಮೇಲೆ ತುಂಬುವುದು, ಸುರಿಯುವುದು, ಎಳೆಯುವುದು, ತಳ್ಳುವುದು. ಎರಡು ವರ್ಷದ ಆಸುಪಾಸಿನಲ್ಲಿ ಆರು ಮರದ ತುಂಡುಗಳನ್ನು ಒಂದರ ಮೇಲೊಂದು ಇಡುವಷ್ಟು ಕೈ ಹದಕ್ಕೆ ಬರುತ್ತದೆ. ನಡುವೆ, ಒಂದೂವರೆ ವರ್ಷದ ಸುಮಾರಿಗೆ, ಒಂದು ದಿನ ಮಗು ಖಾಲಿ ಲೋಟ ಎತ್ತಿ ಕುಡಿದ ಹಾಗೆ ಮಾಡಿ, ನಿಮ್ಮ ಬಾಯಿಗೂ ಹಿಡಿಯುತ್ತದೆ. ಆ ದಿನವನ್ನು ಬರೆದಿಟ್ಟುಕೊಳ್ಳಿ. ಇಲ್ಲದ ಕಾಫಿಯನ್ನು ಇದೆ ಅಂದುಕೊಳ್ಳಲು ಬಂತು ಅಂದರೆ, ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಹುದು ಎಂದು ಅದಕ್ಕೆ ಗೊತ್ತಾಯಿತು. ಮಾತು ನಡೆಯುವುದೂ ಹಾಗೆಯೇ ಅಲ್ವಾ? "ಹಸು" ಎಂಬ ಸದ್ದು ಕೊಟ್ಟಿಗೆಯಲ್ಲಿರುವ ಹಸುವಿನ ಬದಲಿಗೆ ನಿಲ್ಲುತ್ತದೆ.

ಮಗನಿಗೆ ಎರಡೂವರೆ ವರ್ಷ. ಬೆಳಗ್ಗೆ ಎದ್ದರೆ ಜೆಸಿಬಿ, ಮಲಗುವಾಗ ಜೆಸಿಬಿ. ಇದು ಅತಿಯಾಯಿತಾ?

ಇಲ್ಲ. ನಮ್ಮ ಕಡೆ ತೋಟದ ಕೆಲಸ, ರಸ್ತೆ ಕೆಲಸ ಎಂದು ಎಲ್ಲಿ ನೋಡಿದರೂ ಅದೇ ಯಂತ್ರ. ಹಳದಿ ಬಣ್ಣ, ದೊಡ್ಡ ಸದ್ದು, ಆನೆ ಸೊಂಡಿಲ ಹಾಗೆ ಮಡಚುವ ಕೈ. ಮಗು ಮರುಳಾಗದೆ ಇರುತ್ತದಾ?

ಇಂಥ ಗಾಢ ಆಸಕ್ತಿಯ ಬಗ್ಗೆ ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಚ್ ಮತ್ತು ಜೊತೆಗಾರರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿಕ್ಕ ಮಕ್ಕಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ಹೀಗೆ ಒಂದೇ ವಸ್ತುವಿನ ಮೇಲೆ ತೀವ್ರ ಒಲವು ಇರುತ್ತದೆ, ಅದು ಎರಡು ವರ್ಷದೊಳಗೇ ಶುರುವಾಗುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ ಎಂದು ಅವರಿಗೆ ಕಂಡುಬಂತು. ವಾಹನ, ಡೈನೋಸಾರ್, ಚೆಂಡು, ಅಡುಗೆ ಸಾಮಾನು, ಹೀಗೆ ಏನು ಬೇಕಾದರೂ ಇರಬಹುದು.

ಆ ಆಸಕ್ತಿಯನ್ನೇ ಏಣಿ ಮಾಡಿಕೊಳ್ಳಿ. ನಮ್ಮಲ್ಲಿ ಒಬ್ಬ ಹುಡುಗ ಬೇರೆ ಯಾವ ವಿಷಯಕ್ಕೂ ಎರಡು ಪದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ಜೆಸಿಬಿ ಅಂದರೆ ಮಾತ್ರ "ಮಣ್ಣು ಎತ್ತತ್ತೆ, ತಿರುಗತ್ತೆ, ಲಾರಿಗೆ ಹಾಕತ್ತೆ" ಅಂತ ಪೂರ್ತಿ ಕಥೆ. ಆ ಲಾರಿಯಲ್ಲೇ ನಾವು ದೊಡ್ಡದು-ಚಿಕ್ಕದು, ಒಳಗೆ-ಹೊರಗೆ, ಒಂದು-ಎರಡು-ಮೂರು ಎಲ್ಲ ಸಾಗಿಸಿದೆವು.

ಮಗ ಗೊಂಬೆ ಆಡುತ್ತಾನೆ, ಅಡುಗೆ ಆಟ ಆಡುತ್ತಾನೆ. ಮನೆಯಲ್ಲಿ ದೊಡ್ಡವರು ಬೈಯುತ್ತಾರೆ. ಏನು ಮಾಡಲಿ?

ಇದಕ್ಕೆ ಸ್ವಲ್ಪ ಉದ್ದಕ್ಕೆ ಉತ್ತರ ಹೇಳಬೇಕು.

ಮೊದಲು ಒಂದು ಚಿತ್ರ. ಮೂರು ವರ್ಷದ ಒಬ್ಬ ಹುಡುಗನ ಮನೆಯಲ್ಲಿ ತಂಗಿ ಹುಟ್ಟಿದ್ದಳು. ಅವನು ನಮ್ಮಲ್ಲಿ ಬಂದು ಏನು ಮಾಡಿದ ಗೊತ್ತಾ? ಗೋಡೆಗೆ ಒರಗಿ ಎರಡೂ ಕಾಲು ಚಾಚಿ ಕೂತ. ಗೊಂಬೆಯನ್ನು ಕಾಲಿನ ಮೇಲೆ ಬೋರಲು ಮಲಗಿಸಿದ. ಬೆನ್ನಿಗೆ ಎಣ್ಣೆ ತಿಕ್ಕಿದ. ಖಾಲಿ ಚೊಂಬಿನಿಂದ ನೀರು ಹೊಯ್ದ, ಹೊಯ್ಯುವಾಗ ಗೊಂಬೆಯ ಕಣ್ಣಿಗೆ ಹೋಗದ ಹಾಗೆ ಹಣೆಗೆ ಕೈ ಅಡ್ಡ ಹಿಡಿದ. ಅವರ ಅಜ್ಜಿ ಬಚ್ಚಲಲ್ಲಿ ಮಾಡುವುದನ್ನು ಒಂದು ಗೆರೆ ತಪ್ಪದೆ ಮಾಡಿದ್ದ. ನೋಡಿದ್ದನ್ನು ನೆನಪಿಟ್ಟು, ಕ್ರಮ ತಪ್ಪದೆ ಮತ್ತೆ ಮಾಡುವುದು. ಇನ್ನೊಂದು ಜೀವಕ್ಕೆ ನೋವಾಗುತ್ತದೆ ಎಂದು ಊಹಿಸುವುದು. ಹೊಸ ತಂಗಿ ಬಂದ ಗಲಿಬಿಲಿಯನ್ನು ತನ್ನ ಹಿಡಿತಕ್ಕೆ ತಂದುಕೊಳ್ಳುವುದು. ಆ ಒಂದು ಸ್ನಾನದಲ್ಲಿ ಇಷ್ಟೆಲ್ಲ ಇತ್ತು. ಅದನ್ನು ಯಾಕೆ ನಿಲ್ಲಿಸಬೇಕು?

ಇನ್ನು ಓದಿದ್ದನ್ನು ಹೇಳುತ್ತೇನೆ. ಗಂಡುಮಕ್ಕಳು ವಾಹನದ ಕಡೆ, ಹೆಣ್ಣುಮಕ್ಕಳು ಗೊಂಬೆಯ ಕಡೆ ವಾಲುವುದು ಸರಾಸರಿಯಲ್ಲಿ ನಿಜ, ಮತ್ತು ಅದು ಎರಡು ವರ್ಷಕ್ಕೂ ಮುಂಚೆ ಕಾಣುತ್ತದೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಆಂಡ್ರೋಜೆನ್ ಎಂಬ, ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನು ಜಾಸ್ತಿಯಾಗಿದ್ದ ಹೆಣ್ಣುಮಕ್ಕಳು ಉಳಿದ ಹುಡುಗಿಯರಿಗಿಂತ ಹೆಚ್ಚಾಗಿ ವಾಹನ, ಕಟ್ಟುವ ಆಟಿಕೆಗಳ ಕಡೆ ಹೋಗುತ್ತಾರೆ ಎಂದು ಹಲವು ಅಧ್ಯಯನಗಳು ಹೇಳಿವೆ. ಹಾಗಾಗಿ ದೇಹದ ಪಾಲು ಸ್ವಲ್ಪ ಇದೆ. ಆದರೆ ಕಲಿಸಿದ್ದರ ಪಾಲೂ ಇದೆ. ಎರಡೂವರೆ-ಮೂರು ವರ್ಷಕ್ಕೆ "ನಾನು ಹುಡುಗ", "ನಾನು ಹುಡುಗಿ" ಎಂದು ಹೇಳಲು ಬರುತ್ತದೆ. ಅಲ್ಲಿಂದ ಮುಂದೆ ಮಕ್ಕಳು ಯಾವುದು ಯಾರದ್ದು ಎಂದು ನಮ್ಮ ಮುಖ ನೋಡಿಯೇ ಕಲಿಯುತ್ತಾರೆ. ಮತ್ತೆ ಸರಾಸರಿ ಅನ್ನುವುದು ನಿಮ್ಮ ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಗೊಂಬೆ ಇಷ್ಟಪಡುವ ಹುಡುಗರು, ಲಾರಿ ಇಷ್ಟಪಡುವ ಹುಡುಗಿಯರು ಪ್ರತಿ ವರ್ಷ ನಮ್ಮಲ್ಲಿ ಇರುತ್ತಾರೆ.

ನನಗೆ ಚಿಂತೆ ಇರುವುದು ಬೇರೆ ಕಡೆ. ಒಂದು ಬಗೆಯ ಆಟಿಕೆ ಮಾತ್ರ ಕೊಟ್ಟರೆ ಒಂದು ಬಗೆಯ ಅಭ್ಯಾಸ ಮಾತ್ರ ಸಿಗುತ್ತದೆ. ಶಿಕಾಗೋದ ಸಂಶೋಧಕರು ಎರಡರಿಂದ ನಾಲ್ಕು ವರ್ಷದ ನಡುವೆ ಮಕ್ಕಳನ್ನು ಮನೆಯಲ್ಲೇ ಗಮನಿಸಿ 2012ರಲ್ಲಿ ಬರೆದದ್ದು ಹೀಗೆ: ಆ ವಯಸ್ಸಿನಲ್ಲಿ ತುಂಡು ಜೋಡಿಸುವ ಪಜಲ್ ಆಡಿದ ಮಕ್ಕಳು, ನಾಲ್ಕೂವರೆ ವರ್ಷದಲ್ಲಿ ಆಕಾರಗಳನ್ನು ಮನಸ್ಸಲ್ಲೇ ತಿರುಗಿಸಿ ಸೇರಿಸುವ ಪರೀಕ್ಷೆಯಲ್ಲಿ ಮುಂದಿದ್ದರು. ಪಜಲ್ಲೇ ಅದಕ್ಕೆ ಕಾರಣ ಎಂದು ಇದರಿಂದ ಖಚಿತವಾಗುವುದಿಲ್ಲ, ಅಂಥ ಮಕ್ಕಳೇ ಪಜಲ್ ಹುಡುಕಿಕೊಂಡು ಹೋಗಿರಬಹುದು. ಆದರೂ ಅವಕಾಶವನ್ನೇ ಕೊಡದೆ ಇರುವುದು ಅನ್ಯಾಯ.

ಇದು ನನ್ನದೇ ನೋವು ಕೂಡ. ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಅಣ್ಣನಿಗೆ ಕೀಲಿ ಕೊಟ್ಟರೆ ಓಡುವ ತಗಡಿನ ಬಸ್ಸು ಬಂತು, ನನಗೆ ಅಡುಗೆ ಸಾಮಾನು. ಆ ಬಸ್ಸಿನ ತಳ ಬಿಚ್ಚಿ ಒಳಗಿನ ಹಲ್ಲುಚಕ್ರ ನೋಡಬೇಕೆಂದು ನನಗೆ ಬಹಳ ಆಸೆ ಇತ್ತು. ಮುಟ್ಟಿದರೆ "ನಿಂಗ್ಯಾಕೆ ಅದು" ಅಂತ ಬೈಗುಳ. ಅಪ್ಪಯ್ಯ ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಮನೆಯ ಹಿರಿಯರ ಹತ್ತಿರ ವಾದಕ್ಕೆ ಇಳಿಯಬೇಡಿ. ಮದುವೆ ಮನೆಯಲ್ಲಿ ಅಡುಗೆ ಮಾಡುವ ಭಟ್ಟರು ಗಂಡಸರೇ ಅಲ್ಲವಾ ಎಂದು ಮೆಲ್ಲಗೆ ನೆನಪು ಮಾಡಿ.

ಮಗಳು ಆಟಿಕೆಗಳನ್ನು ಬರೀ ಸಾಲಾಗಿ ಜೋಡಿಸುತ್ತಾಳೆ. ಮೊಬೈಲಿನಲ್ಲಿ ನೋಡಿದರೆ ಆಟಿಸಂ ಅಂತ ಬರುತ್ತದೆ. ಹೌದಾ?

ಆಟಿಸಂ ಅಂದರೆ ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಬೇರೆ ಬಗೆಯಲ್ಲಿರುವ ಬೆಳವಣಿಗೆಯ ಸ್ಥಿತಿ. ಸಾಲು ಜೋಡಿಸುವುದೊಂದರಿಂದಲೇ ಹಾಗೆ ಹೇಳಲು ಬರುವುದಿಲ್ಲ. ಎರಡು-ಮೂರು ವರ್ಷದ ಎಷ್ಟೋ ಮಕ್ಕಳು ಗೇರುಬೀಜ, ಕಲ್ಲು, ಚಪ್ಪಲಿ ಎಲ್ಲ ಸಾಲಾಗಿ ಇಡುತ್ತಾರೆ. ಅದು ವಿಂಗಡಿಸುವ ಆಟ.

ಅದರ ಜೊತೆಗೆ ಇವು ಇವೆಯಾ ನೋಡಿ. ಹೆಸರು ಕರೆದರೆ ಪದೇ ಪದೇ ತಿರುಗದೆ ಇರುವುದು. ಒಂದೂವರೆ ವರ್ಷ ಕಳೆದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದೆ ಇರುವುದು, "ಅಲ್ಲಿ ನೋಡು" ಅಂತ ಖುಷಿ ಹಂಚಿಕೊಳ್ಳದೆ ಇರುವುದು. ಕಣ್ಣಿಗೆ ಕಣ್ಣು ಸೇರಿಸದೆ ಇರುವುದು. ನಟನೆಯ ಆಟ ಬಾರದೆ ಇರುವುದು. ಲಾರಿ ಓಡಿಸದೆ ಅದರ ಚಕ್ರವನ್ನಷ್ಟೇ ಗಂಟೆಗಟ್ಟಲೆ ತಿರುಗಿಸುವುದು. ಬಂದಿದ್ದ ಮಾತು ನಿಂತುಹೋಗುವುದು. ಈ ಕೊನೆಯದು ಯಾವ ವಯಸ್ಸಿನಲ್ಲಿ ಆದರೂ ಕಾಯಬೇಡಿ.

ಸಂಶಯ ಇದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ, ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ಬರುತ್ತದೆ, ಅವರು ಬೆಳವಣಿಗೆಯ ತೊಂದರೆಗಳನ್ನೂ ನೋಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಅಂಗನವಾಡಿ ಅಕ್ಕೋರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ದಾರಿ ಹೇಳುತ್ತಾರೆ. ಮಾತು ಮತ್ತು ಕಿವಿಯ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. "ಗಂಡುಮಕ್ಕಳಿಗೆ ಮಾತು ತಡ" ಅಂತ ಸಮಾಧಾನ ಹೇಳುವವರು ಬಹಳ ಜನ. ಆ ಸಮಾಧಾನದಲ್ಲಿ ವರ್ಷಗಟ್ಟಲೆ ಕಳೆದುಕೊಂಡ ತಾಯಂದಿರು ನಮ್ಮ ಜಗಲಿಯಲ್ಲಿ ಕೂತು ಅತ್ತಿದ್ದಾರೆ. ದಯವಿಟ್ಟು ಬೇಗ ತೋರಿಸಿ. ತೋರಿಸಿ ಏನೂ ಇಲ್ಲ ಅಂತ ಆದರೆ ನಷ್ಟವೇನು?

ಎ ಬಿ ಸಿ ಡಿ ಹೇಳುವ, ಹಾಡುವ ಬ್ಯಾಟರಿ ಆಟಿಕೆ ಕೊಟ್ಟರೆ ಬೇಗ ಮಾತು ಬರುತ್ತದಾ?

ಬರುವುದಿಲ್ಲ. ಅಮೆರಿಕದಲ್ಲಿ 10ರಿಂದ 16 ತಿಂಗಳ ಮಕ್ಕಳಿರುವ 26 ಮನೆಗಳಲ್ಲಿ ಇದನ್ನು ನೋಡಿದರು, 2016ರಲ್ಲಿ ಪ್ರಕಟವಾಯಿತು. ಒಮ್ಮೆ ಸದ್ದು ಮಾಡುವ ಎಲೆಕ್ಟ್ರಾನಿಕ್ ಆಟಿಕೆ, ಒಮ್ಮೆ ಮರದ ತುಂಡು, ಪಜಲ್, ಒಮ್ಮೆ ಚಿತ್ರದ ಪುಸ್ತಕ ಕೊಟ್ಟು ಮನೆಯ ಮಾತನ್ನು ರೆಕಾರ್ಡ್ ಮಾಡಿದರು. ಆಟಿಕೆ ಮಾತಾಡುತ್ತಿದ್ದಾಗ ಅಪ್ಪ-ಅಮ್ಮ ಮಾತು ಕಡಿಮೆ ಮಾಡಿದರು, ಮಗುವೂ ಸದ್ದು ಕಡಿಮೆ ಮಾಡಿತು. ಪುಸ್ತಕ ಹಿಡಿದಾಗ ಮಾತು ಎಲ್ಲಕ್ಕಿಂತ ಜಾಸ್ತಿ. ಮನೆಯಲ್ಲಿ ಈಗಾಗಲೇ ಅಂಥ ಆಟಿಕೆ ಇದ್ದರೆ ಬ್ಯಾಟರಿ ತೆಗೆದು ಕೊಡಿ. ಮುಚ್ಚಳದ ಸ್ಕ್ರೂ ಮತ್ತೆ ಭದ್ರ ಮಾಡಿ.

ಮತ್ತೆ ಮೊಬೈಲು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆ ಆದಷ್ಟೂ ಒಳ್ಳೆಯದು. ಊರಿಂದ ದೂರ ಇರುವ ಅಜ್ಜ-ಅಜ್ಜಿ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುವುದನ್ನು ನಾನು ಇದರಲ್ಲಿ ಲೆಕ್ಕ ಹಾಕುವುದಿಲ್ಲ. ಅದು ಮನುಷ್ಯರ ಜೊತೆ ಮಾತು.

ಎಷ್ಟು ಆಟಿಕೆ ಇದ್ದರೆ ಸಾಕು?

ಕಣ್ಣ ಮುಂದೆ ನಾಲ್ಕೈದು. ಅಮೆರಿಕದಲ್ಲೇ 2018ರ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಒಮ್ಮೆ 4, ಒಮ್ಮೆ 16 ಆಟಿಕೆ ಕೊಟ್ಟು ನೋಡಿದರು. 4 ಇದ್ದಾಗ ಒಂದೊಂದರ ಜೊತೆಯೂ ಜಾಸ್ತಿ ಹೊತ್ತು, ಜಾಸ್ತಿ ಬಗೆಯಲ್ಲಿ ಆಡಿದರು. ಉಳಿದದ್ದನ್ನು ಬುಟ್ಟಿಗೆ ತುಂಬಿ ಅಟ್ಟದ ಮೇಲಿಡಿ. ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ. ಹಳೆಯದೇ ಹೊಸದಾಗಿ ಕಾಣುತ್ತದೆ.

ಪಕ್ಕದ ಮನೆ ಮಗು ಬಂದರೆ ಒಂದನ್ನೂ ಕೊಡುವುದಿಲ್ಲ. ಜೊತೆಗೆ ಆಡುವುದೂ ಇಲ್ಲ, ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಆಡುತ್ತದೆ.

ಎರಡು ವರ್ಷದ ಮಗುವೇ? ಹಾಗಾದರೆ ಸರಿಯಾಗಿದೆ. ಪಕ್ಕಪಕ್ಕ ಕೂತು ಬೇರೆ ಬೇರೆ ಆಡುವುದೂ ಒಂದು ಹಂತ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ಕೂಡಿ ಆಡುವುದು ಮೂರು-ನಾಲ್ಕು ವರ್ಷದ ಮೇಲೆ ನಿಧಾನಕ್ಕೆ ಬಲಿಯುತ್ತದೆ. ಕಿತ್ತು ಕೊಡಬೇಡಿ. "ಇವನದ್ದು ಆದ ಮೇಲೆ ನಿನಗೆ" ಅಂತ ಸರದಿ ಹೇಳಿ, ಹೇಳಿದ ಹಾಗೆ ನಡೆಸಿ.

ಅಜ್ಜಿಯ ಹಳೇ ಸೀರೆ ತುಂಡು ಇಲ್ಲದೆ ನಿದ್ದೆಯೇ ಮಾಡುವುದಿಲ್ಲ. ಬಿಡಿಸಬೇಕಾ?

ಬಿಡಿಸಬೇಡಿ. ಅಮ್ಮ ಪಕ್ಕದಲ್ಲಿ ಇಲ್ಲದಾಗ ಅಮ್ಮನ ಜಾಗ ತುಂಬುವ ವಸ್ತು ಅದು. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಇದರ ಬಗ್ಗೆ ಬಹಳ ಪ್ರೀತಿಯಿಂದ ಬರೆದಿದ್ದಾರೆ. ಒಗೆಯುವುದಾದರೆ ಮಗುವಿಗೆ ಹೇಳಿ ಒಗೆಯಿರಿ, ವಾಸನೆ ಹೋದರೆ ಅದಕ್ಕೆ ಬೇಸರವಾಗುತ್ತದೆ. ಒಂದು ವರ್ಷದೊಳಗಿನ ಕೂಸು ಮಲಗುವ ಜಾಗದಲ್ಲಿ ಮಾತ್ರ ಸಡಿಲ ಬಟ್ಟೆ, ದಿಂಬು ಇಡಬೇಡಿ, ಉಸಿರಿಗೆ ಅಡ್ಡವಾಗಬಹುದು.

ನಮ್ಮ ಮನೆಯ ಸುತ್ತಲೇ ಸಿಗುವ ಬೀಜ, ಕಾಯಿ, ಅಡಿಕೆ ಹಾಳೆ ಕೊಟ್ಟರೆ ಆಗುತ್ತದಾ? ಅಂಗಡಿಯದ್ದೇ ಸುರಕ್ಷಿತವಾ?

ಎರಡರಲ್ಲೂ ಎಚ್ಚರ ಬೇಕು.

ಮೊದಲು ಗುಲಗಂಜಿ. ಕೆಂಪು ಬೀಜ, ತುದಿಯಲ್ಲಿ ಕಪ್ಪು ಚುಕ್ಕೆ, ನೋಡಲು ಎಷ್ಟು ಚಂದ. ಅಗಿದರೆ ಅಷ್ಟೇ ದೊಡ್ಡ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಇರಲೇಬಾರದು. ಅಡಿಕೆ ಸುಲಿಯುವ ದಿನಗಳಲ್ಲಿ ಅಂಗಳದ ತುಂಬ ಅಡಿಕೆ ಉರುಳಾಡುತ್ತದೆ. ಅಂಬೆಗಾಲಿಡುವ ಮಗುವಿನ ಗಂಟಲಿಗೆ ಅದು ಅಡ್ಡ ಸಿಕ್ಕಿಕೊಳ್ಳಬಹುದು. ಶೇಂಗಾ, ಹುಣಸೆ ಬೀಜವೂ ಹಾಗೆಯೇ. ಮೂರು ವರ್ಷದೊಳಗಿನ ಮಗುವಿಗೆ, ಸುಮಾರು ಮೂರು ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಹೋಗುವ ಯಾವ ವಸ್ತುವನ್ನೂ ಆಡಲು ಕೊಡಬೇಡಿ. ಒಡೆದ ಬಲೂನಿನ ಚೂರನ್ನು ಆಗಲೇ ಹೆಕ್ಕಿ ಬಿಸಾಡಿ.

ಅಂಗಡಿ ಮತ್ತು ಜಾತ್ರೆಯ ಆಟಿಕೆಗಳಲ್ಲಿ ನನಗೆ ಎಲ್ಲಕ್ಕಿಂತ ಭಯ ಗುಂಡಿಯಷ್ಟಗಲದ ಚಪ್ಪಟೆ ಬ್ಯಾಟರಿ. ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿ ಎರಡು ಗಂಟೆಯೊಳಗೆ ಸುಡಲು ಶುರುಮಾಡುತ್ತದೆ. ನುಂಗಿತು ಎಂದು ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಸೀದಾ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ತೀರ್ಥಹಳ್ಳಿ, ಹೊಸನಗರದ ಒಳಗಿನ ಹಳ್ಳಿಗಳಿಂದ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂದು ನಿಮಗೇ ಗೊತ್ತು. "ನಾಳೆ ನೋಡೋಣ" ಅನ್ನುವ ಹಾಗಿಲ್ಲ.

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬದ ಮೇಲೆ ಅದನ್ನು ಹುಡುಕಿ. ನೋಂದಾಯಿತ ಕರಕುಶಲಕರ್ಮಿಗಳು ಮಾಡಿದ್ದಕ್ಕೆ, ಒಂದು ಊರಿಗೇ ಸೇರಿದ್ದೆಂದು ಭೌಗೋಳಿಕ ಗುರುತು (ಜಿಐ) ಪಡೆದವುಗಳಿಗೆ ವಿನಾಯಿತಿ ಇದೆ. ಚನ್ನಪಟ್ಟಣದ ಆಟಿಕೆ ಹಾಗಿನದು. ಆಲೆಮರದ ತುಂಡನ್ನು ಕಡೆದು ಅರಗಿನ ಬಣ್ಣ ಹಾಕಿ ಮಾಡುತ್ತಾರೆ. ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ನಾನು ಮೊದಲು ಹೇಳುವುದು ಅದನ್ನೇ.

ಮಳೆಗಾಲದಲ್ಲಿ ಮಕ್ಕಳು ತಿಂಗಳುಗಟ್ಟಲೆ ಮನೆಯೊಳಗೇ. ಏನು ಆಡಿಸುವುದು?

ಜಡಿಮಳೆ ಹಿಡಿದಾಗಲೇ ಮೊಬೈಲು ಕೈಗೆ ಬರುವುದು, ನನಗೆ ಗೊತ್ತು. ಅಡಿಕೆ ಹಾಳೆ ಒಂದಿದ್ದರೆ ಜಗಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ಕೂತ ಮಗುವಿಗೆ ಸಮತೋಲ, ಎಳೆಯುವ ಮಗುವಿಗೆ ರಟ್ಟೆಯ ಬಲ. ಎರಡು ಕುರ್ಚಿಯ ಮೇಲೆ ಕಂಬಳಿ ಹೊದಿಸಿದರೆ ಗುಡಿಸಲು. ಅದರೊಳಗೆ ಒಂದು ಸೌಟು, ಎರಡು ಗೆರಟೆ ಇಟ್ಟರೆ ಮಧ್ಯಾಹ್ನದ ತನಕ ಸಂಸಾರ ನಡೆಯುತ್ತದೆ. ಐದು ವರ್ಷ ದಾಟಿದವರಿಗೆ ಚೆನ್ನೆಮಣೆ ತೆಗೆಯಿರಿ. ಬೀಜ ಹಂಚುತ್ತಾ ಹೋಗುವಾಗ ಲೆಕ್ಕ ತಾನಾಗಿ ಬರುತ್ತದೆ, ಸೋಲುವುದೂ ಬರುತ್ತದೆ. ಚಿಕ್ಕದಕ್ಕೆ ಬೀಜ ಸಿಗದ ಹಾಗೆ ಮಣೆಯನ್ನು ಎತ್ತರದಲ್ಲಿಡಿ.

ಮಳೆ ಒಂದು ಗಳಿಗೆ ನಿಂತರೆ ಅಂಗಳಕ್ಕೆ ಬಿಡಿ. ಹಂಚಿನ ಮಾಡಿನಿಂದ ಹನಿ ಬೀಳುವ ಜಾಗದಲ್ಲಿ ಸಾಲಾಗಿ ಗುಳಿ ಬಿದ್ದಿರುತ್ತದಲ್ಲ, ನಮ್ಮ ಮಕ್ಕಳು ಅಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದು ಗುಳಿಗೂ ಒಂದೊಂದು ಎಲೆ ಮುಚ್ಚುತ್ತಾರೆ. ಹನಿ ಎಲೆಯ ಮೇಲೆ ಬಿದ್ದು ಟಪ್ ಎಂದಾಗ ತಿರುಗಿ ನಮ್ಮ ಮುಖ ನೋಡುತ್ತಾರೆ, ನೀವೂ ಕೇಳಿಸಿಕೊಂಡಿರಾ ಎಂಬ ಹಾಗೆ. ಆಗ "ಹೂಂ, ಕೇಳ್ತು" ಅನ್ನಿ.